ಮರುಭೂಮಿಯ ಹಿರಿಯರೂ ಅವರ ಶಿಷ್ಯರೂ: ಕಾಸಿಯನನ ಎರಡನೆಯ ಸಂವಾದದಲ್ಲಿ ಮಾರ್ಗದರ್ಶಕನ ಯೋಗ್ಯತೆ

ಕ್ರೈಸ್ತ ಧರ್ಮದಲ್ಲಿ ಉಪದೇಶವು ಬಹುಮಟ್ಟಿಗೆ ಸಭೆಯನ್ನು ಉದ್ದೇಶಿಸಿ ನಡೆಯತಕ್ಕದ್ದು. ಅದರ ಜೊತೆಯಲ್ಲಿಯೇ, ಅನುಭವಿಯಾದ ಹಿರಿಯನೊಬ್ಬನು ಒಬ್ಬ ಶಿಷ್ಯನನ್ನು ಬಳಿಯಲ್ಲಿರಿಸಿಕೊಂಡು ಅವನ ನಂಬಿಕೆಯನ್ನೂ ನಡತೆಯನ್ನೂ ತಿದ್ದುವ ಇನ್ನೊಂದು ಪದ್ಧತಿಯೂ ಪ್ರಾಚೀನಕಾಲದಿಂದ ನಡೆದುಬಂದಿದೆ. ಒಬ್ಬನ ಅಂತರಂಗವನ್ನು ಇನ್ನೊಬ್ಬನ ಕೈಗೆ ಒಪ್ಪಿಸುವ ಈ ಪದ್ಧತಿಯಲ್ಲಿ ಹಿತವೆಷ್ಟೋ ಅಪಾಯವೂ ಅಷ್ಟೇ. ಮಾರ್ಗದರ್ಶಕನಿಗೆ ಬೇಕಾದ ಯೋಗ್ಯತೆ ಯಾವುದೆಂಬ ಪ್ರಶ್ನೆಯನ್ನು 4ನೆಯ ಶತಮಾನದ ಈಜಿಪ್ಟಿನ ಸಂನ್ಯಾಸಿಗಳು ಹೇಗೆ ಎದುರಿಸಿದರೆಂಬುದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಲಾಗಿದೆ.

ಕೈರೋ ನಗರಕ್ಕೆ ವಾಯವ್ಯದಲ್ಲಿರುವ, ಈಗ ವಾದಿ ನತ್ರೂನ್ ಎಂದು ಕರೆಯಲ್ಪಡುವ ತಗ್ಗು ಪ್ರದೇಶವೇ ಅಂದಿನ ಸ್ಕೀಟಿಸ್. ಸುಮಾರು 330ರಲ್ಲಿ ಮಕಾರಿಯನು ಅಲ್ಲಿ ನೆಲಸಿದ ಮೇಲೆ ಅದು ತಪಸ್ವಿಗಳ ನೆಲೆಯಾಯಿತು. ಹಿರಿಯನನ್ನು ಅವರು ‘ಅಬ್ಬಾ’ ಎನ್ನುತ್ತಿದ್ದರು. ಇದು ‘ತಂದೆ’ ಎಂಬರ್ಥದ ಅರಮಾಯಿಕ್ ಪದ. ಶಿಷ್ಯನು ಹಿರಿಯನ ಬಳಿಯಲ್ಲಿದ್ದು, ಬುಟ್ಟಿ ಚಾಪೆಗಳನ್ನು ಹೆಣೆಯುತ್ತ, ಅವನ ನಡೆಯನ್ನು ನೋಡಿಯೇ ಕಲಿಯುತ್ತಿದ್ದನು. ಕ್ರಮವಾದ ಪಾಠಗಳಿಗಿಂತ ಮುಖ್ಯವಾದುದು, ಮನಸ್ಸಿನಲ್ಲೇಳುವ ಆಲೋಚನೆಗಳನ್ನು ಮರೆಮಾಚದೆ ಹಿರಿಯನ ಮುಂದೆ ಹೇಳಿಕೊಳ್ಳುವುದು. ಗ್ರೀಕ್ ಭಾಷೆಯಲ್ಲಿ ‘ಲೊಗಿಸ್ಮೊಯ್’ ಎನಿಸಿದ ಈ ಆಲೋಚನೆಗಳಲ್ಲಿ ಕೆಡುಕಿನವನ್ನು, 399ರಲ್ಲಿ ಮೃತನಾದ ಎವಾಗ್ರಿಯನು 8 ಬಗೆಯಾಗಿ ವಿಂಗಡಿಸಿದ್ದಾನೆ.

ಯೋಹಾನ ಕಾಸಿಯನನು ತನ್ನ ಮಿತ್ರ ಗೆರ್ಮಾನನೊಡನೆ ಆ ಶತಮಾನದ ಕೊನೆಯಲ್ಲಿ ಅಲ್ಲಿ ವಾಸಿಸಿ, ಮುಂದೆ 420ರ ದಶಕದಲ್ಲಿ ಗಾಲ್ ದೇಶದ ಮಾರ್ಸೇ ಪಟ್ಟಣದಲ್ಲಿ 24 ಸಂವಾದಗಳನ್ನು ಲ್ಯಾಟಿನ್ನಿನಲ್ಲಿ ರಚಿಸಿದನು. ಕಂಡು ಕೇಳಿದುದಕ್ಕೂ ಬರೆದುದಕ್ಕೂ ನಡುವೆ ಹಲವು ವರ್ಷಗಳ ಅಂತರವಿರುವುದರಿಂದ, ಅವುಗಳಲ್ಲಿಯ ಮಾತುಗಳನ್ನು ಯಥಾವತ್ತಾದ ವರದಿಯೆಂದು ಗ್ರಹಿಸಲಾಗದು. ಆ ಸಮಾಜದ ಆದರ್ಶಕ್ಕೆ ಮಾತ್ರ ಅವು ಸಮರ್ಥ ಸಾಕ್ಷಿ. ಅಬ್ಬಾ ಮೋಶೆಯ ಹೆಸರಿನಲ್ಲಿರುವ ಎರಡನೆಯ ಸಂವಾದದ ವಿಷಯ ವಿವೇಚನೆ. ಅದರಲ್ಲಿಯ ಮೂರು ಕಥೆಗಳು ನಮ್ಮ ಪ್ರಶ್ನೆಗೆ ಸಂಬಂಧಿಸಿವೆ.

ಮೊದಲನೆಯದು ಹೇರೋನ್ ಎಂಬ ವೃದ್ಧನದು. 50 ವರ್ಷ ಮರುಭೂಮಿಯಲ್ಲಿ ಕಠಿಣ ವ್ರತವನ್ನಾಚರಿಸಿದ ಇವನು ಯಾರ ಮಾತಿಗೂ ಕಿವಿಗೊಡದೆ ಸ್ವಂತ ತೀರ್ಮಾನವನ್ನೇ ನಂಬಿ, ತನ್ನ ಪುಣ್ಯವು ಕಾಯುವುದೆಂಬ ಭ್ರಮೆಯಿಂದ ಬಾವಿಗೆ ಹಾರಿ ಮೂರನೆಯ ದಿನ ಸತ್ತನು. ಮಾರ್ಗದರ್ಶಕನಿಲ್ಲದ ತಪಸ್ಸು ಎಷ್ಟು ದೀರ್ಘವಾದರೂ ಸುರಕ್ಷಿತವಲ್ಲವೆಂಬುದು ಇದರ ತಾತ್ಪರ್ಯ.

ಎರಡನೆಯದರಲ್ಲಿ, ಅಬ್ಬಾ ಥಿಯೋನನ ಬಳಿಯಿದ್ದ ಬಾಲಕ ಸೆರಾಪಿಯೋನನು ಊಟವಾದ ಮೇಲೆ ದಿನವೂ ಒಂದು ಒಣರೊಟ್ಟಿಯನ್ನು ಮಡಿಲಲ್ಲಿ ಬಚ್ಚಿಟ್ಟು ತಿನ್ನುತ್ತಿದ್ದನು. ತಿಂದ ಸುಖಕ್ಕಿಂತ ಪಶ್ಚಾತ್ತಾಪವೇ ಹೆಚ್ಚಾಗಿದ್ದರೂ ಚಟವನ್ನು ಬಿಡಲಾರದೆ ಹೋದನು. ಒಂದು ದಿನ ಬಂದವರೊಡನೆ ಹಿರಿಯನು ಇಂಥ ಗುಪ್ತ ಚಾಪಲ್ಯಗಳ ವಿಷಯವನ್ನೇ ಮಾತನಾಡುತ್ತಿರಲು, ಹುಡುಗನು ಅಳುತ್ತ ರೊಟ್ಟಿಯನ್ನು ಹೊರತೆಗೆದು ಎಲ್ಲವನ್ನೂ ಹೇಳಿದನು. ಹಿರಿಯನು ಗದರಿಸಲಿಲ್ಲ, ಬಾಯಿಬಿಟ್ಟು ಹೇಳಿದುದರಿಂದಲೇ ಅವನಿಗೆ ಬಿಡುಗಡೆಯಾಯಿತೆಂದನು.

ಮೂರನೆಯ ಕಥೆ ಇದಕ್ಕೆ ವಿರುದ್ಧವಾದುದು. ಕಾಮದ ಬಾಧೆಯನ್ನು ಹೇಳಿಕೊಂಡ ಯುವಕನನ್ನು ಒಬ್ಬ ವೃದ್ಧನು, ಸಂನ್ಯಾಸಿಯೆಂಬ ಹೆಸರಿಗೇ ಅನರ್ಹನೆಂದು ಕಟುವಾಗಿ ನಿಂದಿಸಿದನು. ಯುವಕನು ಹತಾಶನಾಗಿ, ಮದುವೆಯಾಗಿ ಸಂಸಾರ ಹೂಡುವುದೆಂದು ಊರಿನ ದಾರಿ ಹಿಡಿದನು. ದಾರಿಯಲ್ಲಿ ಎದುರಾದ ಅಬ್ಬಾ ಅಪೊಲ್ಲೊ ಸಂಗತಿಯನ್ನು ತಿಳಿದು, ಈ ವಯಸ್ಸಿನಲ್ಲಿಯೂ ತನಗೆ ಅದೇ ಬಾಧೆಯುಂಟೆಂದು ಹೇಳಿ, ಒಂದೇ ಒಂದು ದಿನ ತಾಳುವಂತೆ ಬೇಡಿ ಅವನನ್ನು ಹಿಂದಕ್ಕೆ ಕಳುಹಿದನು. ಆ ಬಳಿಕ ಅಪೊಲ್ಲೊವಿನ ಪ್ರಾರ್ಥನೆಯಂತೆ ಬಾಧೆಯು ನಿಂದಿಸಿದ ವೃದ್ಧನನ್ನೇ ಹಿಡಿಯಿತು. ಅವನೂ ಹುಚ್ಚನಂತೆ ಅದೇ ದಾರಿಯಲ್ಲಿ ಓಡಿದನು.

ಈ ಮೂರನ್ನೂ ಒಟ್ಟಿಗೆ ನೋಡಿದಾಗ ಕಾಸಿಯನನ ಅಭಿಪ್ರಾಯ ಸ್ಪಷ್ಟವಾಗುತ್ತದೆ. ನರೆಗೂದಲೂ ಕಳೆದ ವರ್ಷಗಳ ಎಣಿಕೆಯೂ ಮಾರ್ಗದರ್ಶಕನ ಯೋಗ್ಯತೆಯಲ್ಲ. ಹೇರೋನನಿಗೂ ನಿಂದಿಸಿದ ವೃದ್ಧನಿಗೂ ವಯಸ್ಸಿಗೆ ಕೊರತೆಯಿರಲಿಲ್ಲ. ತನ್ನ ದೌರ್ಬಲ್ಯವನ್ನು ಅರಿತವನೇ ಪರರ ದೌರ್ಬಲ್ಯವನ್ನು ಕೇಳಲು ಅರ್ಹನು. ಆದರೂ ಒಬ್ಬ ಹಿರಿಯನು ತಪ್ಪಿದನೆಂದು ಪದ್ಧತಿಯನ್ನೇ ತೊರೆಯಬಾರದೆಂದು ಆ ಸಂವಾದವು ಎಚ್ಚರಿಸುತ್ತದೆ.

6ನೆಯ ಶತಮಾನದಲ್ಲಿ ಬೆನೆಡಿಕ್ಟನು ತನ್ನ ನಿಯಮಗ್ರಂಥದಲ್ಲಿ ಈ ಸಂವಾದಗಳ ಪಠನವನ್ನು ವಿಧಿಸಿದನು. ಕೆಟ್ಟ ಆಲೋಚನೆಗಳನ್ನು ಹಿರಿಯನಿಗೆ ತಿಳಿಸಬೇಕೆಂದೂ ಹೇಳಿದನು. ಹೀಗೆ ಈಜಿಪ್ಟಿನ ಗುಡಿಸಲುಗಳಲ್ಲಿ ಬೆಳೆದ ಈ ವಿವೇಕವು ಪಶ್ಚಿಮ ಯೂರೋಪಿನ ಮಠಗಳಿಗೆ ಪ್ರವೇಶಿಸಿತು. ಶಿಷ್ಯನ ವಿಧೇಯತೆಯನ್ನು ಬೋಧಿಸಿದ ಗ್ರಂಥಗಳು ಅನೇಕ. ಹಿರಿಯನ ಅಧಿಕಾರಕ್ಕೆ ಅವನ ಕರುಣೆಯನ್ನೇ ಪ್ರಮಾಣವಾಗಿ ನಿಲ್ಲಿಸಿದುದು ಈ ಸಂವಾದದ ವಿಶೇಷ.