ಒಮ್ಮುಖ ಪ್ರೀತಿ: ತಪ್ಪು ಕಲ್ಪನೆ ಮತ್ತು ಸತ್ಯ

ಒಪ್ಪಿಗೆ ಸಿಗದ ಪ್ರೀತಿಯ ನೋವು ದುರ್ಬಲ ಮನಸ್ಸಿನವರದು, ಗಟ್ಟಿಗರು ನಾಲ್ಕು ದಿನದಲ್ಲಿ ಕೊಡವಿಕೊಂಡು ಏಳುತ್ತಾರೆ ಎಂದು ಬಹಳ ಜನ ನಂಬಿದ್ದಾರೆ. ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳುತ್ತದೆ. ಸಂಗಾತಿ ಬಿಟ್ಟುಹೋದ ಮೇಲೂ ಅದೇ ಗುಂಗಿನಲ್ಲಿದ್ದ 15 ಜನರಿಗೆ ಮೆದುಳಿನ ಸ್ಕ್ಯಾನಿಂಗ್ ನಡೆಯುವಾಗ ಆ ಸಂಗಾತಿಯ ಫೋಟೊ ತೋರಿಸಲಾಯಿತು. ಕೊಕೇನ್ ಚಟದವರ ಹಂಬಲದಲ್ಲಿ ಚುರುಕಾಗುವ ಭಾಗಗಳು ಇವರಲ್ಲೂ ಚುರುಕಾದವು. ಹೀಗಿರುವಾಗ 'ಬಿಟ್ಟಾಕು, ಇನ್ನೊಬ್ರು ಸಿಗ್ತಾರೆ' ಎಂಬ ಸಮಾಧಾನ ನಾಟದಿದ್ದರೆ ಅದು ನೊಂದವರ ತಪ್ಪಲ್ಲ. ದೂರವಾಗಿ ಹೆಚ್ಚು ದಿನ ಕಳೆದವರಲ್ಲಿ ಬಾಂಧವ್ಯಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆ ತಗ್ಗಿದ್ದೂ ಅದೇ ಅಧ್ಯಯನದಲ್ಲಿ ಕಂಡುಬಂತು.

ಬೆನ್ನುಬಿಡದೆ ಹಿಂದೆ ಬಿದ್ದರೆ ಒಂದು ದಿನ ಒಲಿದೇ ಒಲಿಯುತ್ತಾರೆ ಎಂಬುದು ಸಿನಿಮಾಗಳು ಬೆಳೆಸಿದ ನಂಬಿಕೆ, ಎಲ್ಲಕ್ಕಿಂತ ಅಪಾಯಕಾರಿಯಾದದ್ದೂ ಅದೇ. ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ತಂಡ 1993ರಲ್ಲಿ ಪ್ರೀತಿಸಿದವರಿಂದಲೂ ಒಲ್ಲೆ ಎಂದವರಿಂದಲೂ ಅವರವರ ಕಥೆ ಬರೆಸಿತು. ಪ್ರೀತಿಸಿದವರಿಗೆ ಎದುರಿನವರೂ ಆಸೆ ತೋರಿಸಿದ್ದರು ಎನಿಸಿತ್ತು. ಒಲ್ಲೆ ಎಂದವರಾದರೋ ತಪ್ಪಿತಸ್ಥ ಭಾವ, ಕಿರಿಕಿರಿ ಎರಡನ್ನೂ ಹೊತ್ತಿದ್ದರು. ಮುಗುಳ್ನಗೆ, ಮೆಸೇಜಿಗೆ ಬಂದ ಉತ್ತರ, ಹುಟ್ಟುಹಬ್ಬದ ಶುಭಾಶಯ, ಎಲ್ಲದರಲ್ಲೂ ಸೂಚನೆ ಹುಡುಕುವುದು ಆಸೆಯ ಕೆಲಸ. ಬೇಡ ಎಂದರೆ ಬೇಡ ಎಂದೇ ಅರ್ಥ. ಹೆಣ್ಣೊಬ್ಬಳು ಸ್ಪಷ್ಟವಾಗಿ ನಿರಾಕರಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಹಿಂಬಾಲಿಸಿದರೆ, ಸಂಪರ್ಕಿಸಲು ಯತ್ನಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ.

ಮರೆಯುವುದೆಂದರೆ ನೆನಪೇ ಬರದಂತೆ ತಡೆಯುವುದು ಎಂಬ ತಿಳಿವಳಿಕೆಯೂ ಸರಿಯಲ್ಲ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಅದೇ ಕರಡಿ ಪದೇ ಪದೇ ನೆನಪಾದದ್ದನ್ನು ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲೇ ತೋರಿಸಿದ್ದಾರೆ. ನೆನಪು ಬರಲಿ, ಹೋಗಲಿ. ಅದಕ್ಕೆ ಮೇವು ಹಾಕದಿದ್ದರೆ ಸಾಕು. ರಾತ್ರಿ ಮಲಗುವ ಮುನ್ನ ವಾಟ್ಸ್‌ಆ್ಯಪ್‌ನಲ್ಲಿ ಡಿಪಿ ಬದಲಾಗಿದೆಯೇ, ಕೊನೆಗೆ ಆನ್‌ಲೈನ್ ಬಂದದ್ದು ಎಷ್ಟು ಗಂಟೆಗೆ, ತನ್ನ ಸ್ಟೇಟಸ್ ನೋಡಿದ್ದಾರೆಯೇ ಎಂದು ತಡಕಾಡುವುದೇ ಆ ಮೇವು. ಮಾಜಿ ಸಂಗಾತಿಯ ಫೇಸ್‌ಬುಕ್ ಪುಟವನ್ನು ಹೆಚ್ಚು ಇಣುಕುವವರಲ್ಲಿ ಸಂಕಟವೂ ಹಂಬಲವೂ ಹೆಚ್ಚಿದ್ದದ್ದು 2012ರ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಕಂಡುಬಂದಿದೆ. ನಂಬರ್ ಅಳಿಸುವುದು, ಅನ್‌ಫಾಲೋ ಮಾಡುವುದು ದ್ವೇಷವಲ್ಲ.

ಪ್ರೀತಿ ಮನುಷ್ಯನ ಹತೋಟಿಗೆ ಸಿಗದ್ದು ಎಂಬ ಮಾತು ಅರ್ಧ ಮಾತ್ರ ನಿಜ. ಸಂಬಂಧ ಮುರಿದು ನೊಂದ 24 ಜನರ ಮೇಲೆ ಸಂಶೋಧಕಿ ಸಾಂಡ್ರಾ ಲಾಂಗೆಸ್ಲಾಗ್ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ ವ್ಯಕ್ತಿಯ ಕುಂದುಗಳನ್ನು ನೆನೆದಾಗ ಪ್ರೀತಿ ತುಸು ಇಳಿಯಿತು, ಆದರೆ ಮನಸ್ಸು ಕಹಿಯಾಯಿತು. ಬೇರೆ ವಿಷಯದತ್ತ ಗಮನ ಹರಿಸಿದಾಗ ಮನಸ್ಸು ಹಗುರಾಯಿತು, ಪ್ರೀತಿ ಇದ್ದಷ್ಟೇ ಇತ್ತು. ಒಂದೇ ಉಪಾಯ ಸಾಲದೆಂಬುದಕ್ಕೆ ಇದು ಸಾಕ್ಷಿ.

ಕಾಲವೇ ಎಲ್ಲವನ್ನೂ ವಾಸಿ ಮಾಡುತ್ತದೆ ಎಂದು ಕೈಕಟ್ಟಿ ಕೂರುವುದೂ ಎಲ್ಲರಿಗೂ ಹೊಂದುವುದಿಲ್ಲ. ವಾರಗಟ್ಟಲೆ ನಿದ್ದೆ, ಊಟ ಕೆಟ್ಟು ಓದು, ಕೆಲಸ ಸಾಗದಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ಸಾಯುವ ಯೋಚನೆ ಒಮ್ಮೆ ಸುಳಿದರೂ ತಡಮಾಡಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.