ಎಮ್ಮೆಗೆ ಕೊಬ್ಬು ತಿನ್ನಿಸಿದರೆ ಹಾಲು ಹೆಚ್ಚುತ್ತಾ? ಏನಿದು ಬೈಪಾಸ್ ಫ್ಯಾಟ್?

ಚಹಾಕ್ಕೆ ಎಮ್ಮೆ ಹಾಲೇ ಬೇಕು ಎನ್ನುವವರು ಮುಂಬೈ, ಪುಣೆಯಲ್ಲಿ ಕಡಿಮೆ ಇಲ್ಲ. ಕಾರಣ ಅದರ ಗಟ್ಟಿತನ. ಎಮ್ಮೆ ಹಾಲಿನಲ್ಲಿ ಸರಾಸರಿ ಶೇ 7ರಷ್ಟು ಕೊಬ್ಬಿರುತ್ತದೆ. ಹಸುವಿನ ಹಾಲಿನಲ್ಲಿ ಶೇ 4ರ ಆಸುಪಾಸು. ಅಂದರೆ ದಿನಕ್ಕೆ 10 ಲೀಟರ್ ಕೊಡುವ ಮುರ್ರಾ ಎಮ್ಮೆ ಹಾಲಿನ ಜತೆ ಸುಮಾರು 700 ಗ್ರಾಂ ಕೊಬ್ಬನ್ನೂ ಕೊಟ್ಟುಬಿಡುತ್ತದೆ. ಡೇರಿಯವರು ರೈತನಿಗೆ ದರ ಕಟ್ಟುವುದೂ ಕೊಬ್ಬು ಮತ್ತು ಎಸ್‌ಎನ್‌ಎಫ್ ಅಳೆದೇ. ಹಾಗಾಗಿ ಅಷ್ಟು ಕೊಬ್ಬಿಗೆ ಬೇಕಾದ ಶಕ್ತಿ ಎಮ್ಮೆಗೆ ಎಲ್ಲಿಂದ ಬರುತ್ತದೆ ಎಂಬುದು ರೈತನ ಜೇಬಿನ ಪ್ರಶ್ನೆಯೂ ಹೌದು.

ಕರು ಹಾಕಿದ ಆರೆಂಟು ವಾರಗಳಲ್ಲಿ ಹಾಲು ಗರಿಷ್ಠ ಮಟ್ಟ ಮುಟ್ಟುತ್ತದೆ. ಆದರೆ ಹೊಟ್ಟೆ ತುಂಬ ಮೇಯುವ ಹಸಿವು ಮರಳುವುದು ಇನ್ನೂ ತಡವಾಗಿ. ಈ ನಡುವಿನ ಕೊರತೆಯನ್ನು ಎಮ್ಮೆ ತನ್ನ ಮೈಯ ಕೊಬ್ಬು ಕರಗಿಸಿ ತುಂಬಿಕೊಳ್ಳುತ್ತದೆ. ಪರಿಣಾಮ, ಪಕ್ಕೆಲುಬು ಕಾಣುತ್ತವೆ, ಹಾಲು ಬೇಗ ಇಳಿಯುತ್ತದೆ, ಬೆದೆಗೆ ಬರುವುದು ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ. ಸಾಲ ಮಾಡಿ ಎಮ್ಮೆ ಕಟ್ಟಿದವರಿಗೆ ಕೊನೆಯದೇ ದೊಡ್ಡ ಪೆಟ್ಟು. ಗಬ್ಬ ನಿಲ್ಲದ ಎಮ್ಮೆ ಹಾಲಿಲ್ಲದೆ ತಿನ್ನುತ್ತಾ ನಿಲ್ಲುತ್ತದೆ.

ಎಣ್ಣೆ ಕುಡಿಸಿದರೆ ಆಗದೇ?

ಪಿಷ್ಟಕ್ಕಿಂತ ಕೊಬ್ಬಿನಲ್ಲಿ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಇದೆ. ಉತ್ತರ ಭಾರತದಲ್ಲಿ ಕರು ಹಾಕಿದ ಎಮ್ಮೆಗೆ ಸಾಸಿವೆ ಎಣ್ಣೆ, ತುಪ್ಪ ಕುಡಿಸುವ ರೂಢಿ ಬಂದದ್ದು ಈ ಅನುಭವದಿಂದಲೇ ಇರಬೇಕು. ತೊಂದರೆ ಇರುವುದು ಎಮ್ಮೆಯ ಹೊಟ್ಟೆಯ ರಚನೆಯಲ್ಲಿ. ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಹುಲ್ಲಿನ ನಾರನ್ನು ಕರಗಿಸುವುದು ಕೋಟ್ಯಂತರ ಸೂಕ್ಷ್ಮಜೀವಿಗಳು. ಎಣ್ಣೆ ಹೆಚ್ಚಾದರೆ ಅದು ನಾರಿಗೆ ಮೆತ್ತಿಕೊಂಡು ಈ ಜೀವಿಗಳ ಕೆಲಸ ಕೆಡಿಸುತ್ತದೆ. ಹಾಲಿನ ಕೊಬ್ಬಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಕೆಚ್ಚಲು ತಯಾರಿಸುವುದು ನಾರು ಹುದುಗಿ ಬರುವ ಅಸಿಟೇಟ್‌ನಿಂದ. ನಾರಿನ ಜೀರ್ಣ ಕೆಟ್ಟರೆ ಅದಕ್ಕೂ ಕತ್ತರಿ. ಕೊಬ್ಬು ಹೆಚ್ಚಲೆಂದು ಎಣ್ಣೆ ಸುರಿದು, ಡೇರಿಯ ಯಂತ್ರದಲ್ಲಿ ಫ್ಯಾಟ್ ಕಡಿಮೆ ಬಂದಾಗ ಕಂಗಾಲಾಗುವುದು ಹೀಗೆ. ನಳಿಕೆಯಲ್ಲಿ ಬಲವಂತವಾಗಿ ಕುಡಿಸಿದರೆ ಎಣ್ಣೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುವ ಅಪಾಯ ಬೇರೆ.

ಬೈಪಾಸ್ ಫ್ಯಾಟ್ ಇದಕ್ಕೆ ಸುತ್ತುದಾರಿ. ಸಾಮಾನ್ಯವಾಗಿ ಪಾಮ್ ಎಣ್ಣೆ ಶುದ್ಧೀಕರಣದಲ್ಲಿ ಉಳಿಯುವ ಕೊಬ್ಬಿನಾಮ್ಲಗಳನ್ನು ಕ್ಯಾಲ್ಸಿಯಂ ಜತೆ ಬೆಸೆದು ಪುಡಿ ಮಾಡುತ್ತಾರೆ. ಒಂದು ಲೆಕ್ಕದಲ್ಲಿ ಇದು ಸಾಬೂನೇ! ರೂಮೆನ್‌ನ ಹೆಚ್ಚು ಆಮ್ಲೀಯವಲ್ಲದ ವಾತಾವರಣದಲ್ಲಿ ಈ ಬೆಸುಗೆ ಬಹುಮಟ್ಟಿಗೆ ಬಿಡುವುದಿಲ್ಲ. ನಾಲ್ಕನೇ ಹೊಟ್ಟೆಯ ಕಟು ಆಮ್ಲದಲ್ಲಿ ಮಾತ್ರ ಬಿಟ್ಟುಕೊಂಡು, ಕೊಬ್ಬು ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರುತ್ತದೆ. ಹತ್ತಿಕಾಳನ್ನು ಇಡಿಯಾಗಿ ತಿನ್ನಿಸಿದಾಗಲೂ ಎಣ್ಣೆ ನಿಧಾನವಾಗಿ ಬಿಡುಗಡೆಯಾಗುವುದರಿಂದ ಸ್ವಲ್ಪಮಟ್ಟಿಗೆ ಇದೇ ಲಾಭ ಸಿಗುತ್ತದೆ.

ಯಾವ ಎಮ್ಮೆಗೆ, ಎಷ್ಟು?

ಲೀಟರ್ ಹಾಲಿಗೆ 15ರಿಂದ 20 ಗ್ರಾಂ ಎಂಬುದು ಸಾಮಾನ್ಯ ಲೆಕ್ಕ. ಕರು ಹಾಕುವ ಸುಮಾರು 10 ದಿನ ಮೊದಲು ಆರಂಭಿಸಿ, ನಂತರ 90 ದಿನ ಮುಂದುವರಿಸುವುದು ರೂಢಿ. ಪುಡಿಯ ವಾಸನೆ, ರುಚಿ ಎಮ್ಮೆಗೆ ಹಿಡಿಸದಿರಬಹುದು. ಆದ್ದರಿಂದ ಹಿಂಡಿ, ಬೂಸಾದಲ್ಲಿ ಕಲಸಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು.

ಎಲ್ಲ ಎಮ್ಮೆಗೂ ಇದು ಬೇಕಿಲ್ಲ. ಮೂರ್ನಾಲ್ಕು ಲೀಟರ್ ಕೊಡುವ, ಮೈತುಂಬಿಕೊಂಡಿರುವ ಎಮ್ಮೆಗೆ ಹಾಕಿದರೆ ಪುಡಿಯ ದುಡ್ಡು ಹಾಲಿನಲ್ಲಿ ವಾಪಸ್ ಬರುವುದು ಕಷ್ಟ. ಹಸಿರು ಮೇವು, ಖನಿಜ ಮಿಶ್ರಣ, ನೀರು ಸರಿಯಿಲ್ಲದ ಕೊಟ್ಟಿಗೆಗೆ ಮೊದಲು ಬೇಕಾದದ್ದು ಅವೇ. ಏಕೆಂದರೆ ಬೈಪಾಸ್ ಫ್ಯಾಟ್‌ನಲ್ಲಿ ಶಕ್ತಿ ಇದೆಯೇ ಹೊರತು ಪ್ರೋಟೀನ್ ಇಲ್ಲ. ಮುಂಬೈನ ತಬೇಲಾಗಳಂತೆ ಹಾಲಿಳಿದ ಮೇಲೆ ಎಮ್ಮೆಯನ್ನು ಮಾರಿಬಿಡುವ ಕಡೆ, ಮುಂದಿನ ಗಬ್ಬಕ್ಕೆ ಆಗುವ ಅನುಕೂಲ ಮಾಲೀಕನ ಲೆಕ್ಕಕ್ಕೆ ಬರುವುದೂ ಇಲ್ಲ.

ಹಾಲು ಕೊಳ್ಳುವವರಿಗೆ ಇದರಿಂದ ಭಯವೇ? ಎಮ್ಮೆಗೆ ಪಾಮ್ ಕೊಬ್ಬು ತಿನ್ನಿಸುವುದಕ್ಕೂ ಹಾಲಿಗೆ ಪಾಮ್ ಎಣ್ಣೆ ಬೆರೆಸುವುದಕ್ಕೂ ಸಂಬಂಧವಿಲ್ಲ. ಎರಡನೆಯದು ಕಲಬೆರಕೆ, ಅಪರಾಧ. ಮೊದಲನೆಯದರಲ್ಲಿ ಕೊಬ್ಬು ಎಮ್ಮೆಯ ಕರುಳು, ರಕ್ತ, ಕೆಚ್ಚಲು ದಾಟಿಯೇ ಬರುತ್ತದೆ. ಹಾಲಿನ ಕೊಬ್ಬಿನಾಮ್ಲಗಳ ಪ್ರಮಾಣ ತುಸು ಬದಲಾಗಬಹುದು, ಆದರೆ ಅದು ಹಾಲಿನದೇ ಕೊಬ್ಬು.