ಕಟ್ಟಿಸಿದ ಹಲ್ಲು ಬಾಯಿಗೆ ಹೊಂದುವವರೆಗೆ

ಹಲ್ಲಿನ ಸೆಟ್ಟು ಕೈಗೆ ಬಂದ ದಿನ ಎಲ್ಲ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆ ದಿನ ಮುಗಿಯುವುದು ನನ್ನ ಕೆಲಸ ಮಾತ್ರ. ದಾವಣಗೆರೆಯಲ್ಲಿ ಡೆಂಟಲ್ ಲ್ಯಾಬ್ ಇಟ್ಟುಕೊಂಡು, ಡಾಕ್ಟರುಗಳು ಕಳಿಸುವ ಅಳತೆಗೆ ಹಲ್ಲು ಕಟ್ಟಿಕೊಡುವುದು ನನ್ನ ಕಸುಬು. ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ ಕೊಡುತ್ತೇನೆ. ಡಾಕ್ಟರು ಬಾಯಲ್ಲಿಟ್ಟು ನೋಡಿ ಒಪ್ಪಿದ ಮೇಲೆ ಮೇಣ ಕರಗಿಸಿ, ಆ ಜಾಗಕ್ಕೆ ಅಕ್ರಿಲಿಕ್ ತುಂಬಿ ಬೇಯಿಸಿ, ಪಾಲಿಶ್ ಮಾಡಿ ಕಳಿಸುತ್ತೇನೆ. ಇಷ್ಟು ಮಾಡಿ ಕಳಿಸಿದ ಸೆಟ್ಟುಗಳಲ್ಲಿ ಎಷ್ಟೋ ತಿಂಗಳೊಳಗೆ ಡಬ್ಬಿ ಸೇರಿ ಕೂರುತ್ತವೆ. ‘ನಮ್ಮಪ್ಪಗೆ ಹೊಂದಲೇ ಇಲ್ಲ ಬಿಡ್ರಿ’ ಎನ್ನುತ್ತಾರೆ ಮನೆಯವರು. ವಿಚಾರಿಸಿದರೆ, ಹಾಕಿಸಿಕೊಂಡ ಮೇಲೆ ಅವರು ಡಾಕ್ಟರ ಹತ್ತಿರ ಒಮ್ಮೆಯೂ ಹೋಗಿರುವುದಿಲ್ಲ. ಗಂಜಿ ಕುಡಿದುಕೊಂಡೇ ದಿನ ದೂಡುವ ಅಂಥ ಹಿರಿಯರನ್ನು ನೆನೆದಾಗ ನನಗೆ ಸಂಕಟವಾಗುತ್ತದೆ.

ಸಾಮಾನ್ಯವಾಗಿ ಹಲ್ಲು ಕಿತ್ತ ಮೇಲೆ ಒಸಡು ಮಾಯಲು ಎರಡು ಮೂರು ತಿಂಗಳು ಬಿಟ್ಟು ಅಳತೆ ತೆಗೆಯುತ್ತಾರೆ. ಮೊದಲೇ ಸೆಟ್ಟು ಸಿದ್ಧಮಾಡಿಟ್ಟು, ಕಿತ್ತ ದಿನವೇ ಹಾಕುವ ಪದ್ಧತಿಯೂ ಇದೆ. ನಮ್ಮ ಅವ್ವನಿಗೆ ಹಾಕಿದ್ದು ಹೀಗೆ. ಅದು ಗಾಯದ ಮೇಲೆ ಪಟ್ಟಿಯ ಕೆಲಸವನ್ನೂ ಮಾಡುತ್ತದೆ. ಅದಕ್ಕೇ ಮೊದಲ 24 ಗಂಟೆ ಅದನ್ನು ತೆಗೆಯಬಾರದು. ತೆಗೆದರೆ ಒಸಡು ಊದಿಕೊಂಡು ಮತ್ತೆ ಕೂರುವುದಿಲ್ಲ. ಮರುದಿನ ಡಾಕ್ಟರೇ ತೆಗೆದು ನೋಡುತ್ತಾರೆ. ಉಗುಳಿನಲ್ಲಿ ಒಂದಿಷ್ಟು ಕೆಂಪು ಕಂಡರೆ ಗಾಬರಿ ಬೇಡ, ಆದರೆ ರಕ್ತ ನಿಲ್ಲದೇ ಬರುತ್ತಿದ್ದರೆ ತಡಮಾಡಬಾರದು. ಆ ಮೊದಲ ದಿನ ಜೋರಾಗಿ ಮುಕ್ಕಳಿಸುವುದು, ಉಗುಳುವುದು, ಬೀಡಿ ಸಿಗರೇಟು, ತಂಬಾಕು ಯಾವುದೂ ಕೂಡದು. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಮೆಲ್ಲಗೆ ಆಡಿಸಿ ಬಿಟ್ಟರೆ ಸಾಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು ಹಲ್ಲು ಕೀಳಿಸುವ ಮೊದಲೇ ಅದನ್ನು ಡಾಕ್ಟರಿಗೆ ಹೇಳಿರಬೇಕು.

‘ಯಪ್ಪಾ, ಬಾಯಾಗೆ ಕಲ್ಲು ಇಟ್ಕಂಡಂಗಾಗೈತಿ’ ಎಂದಳು ಅವ್ವ. ಮೊದಲ ವಾರ ಯಾರಿಗಾದರೂ ಹೀಗೇ. ಬಾಯಿಗೆ ಹೊಸದೇನೋ ಬಂದಿದೆ, ಅದು ತಿನಿಸೇ ಇರಬೇಕು ಎಂದುಕೊಂಡು ಜೊಲ್ಲು ಸುರಿಯುತ್ತದೆ. ಕೆಲವರಿಗೆ ಓಕರಿಕೆ ಬರುತ್ತದೆ. ಕೆಳಗಿನ ಸೆಟ್ಟು ನಾಲಿಗೆ ಆಡಿದ ಹಾಗೆಲ್ಲ ಎದ್ದು ಬರುತ್ತದೆ. ಮೇಲಿನದು ನಿಲ್ಲುತ್ತದೆ, ಕೆಳಗಿನದು ಯಾಕೆ ನಿಲ್ಲುವುದಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಮೇಲಿನದು ಅಂಗುಳನ್ನೆಲ್ಲ ಮುಚ್ಚಿರುತ್ತದೆ. ನಡುವೆ ಉಗುಳಿನ ತೆಳು ಪೊರೆ, ಸುತ್ತಲೂ ಗಾಳಿ ಹೋಗದಂತೆ ಅಂಚು. ಆ ಹಿಡಿತ ಭದ್ರವಾಗಲೆಂದು, ಮೆತ್ತನೆಯ ಅಂಗುಳು ಶುರುವಾಗುವ ಕಡೆ ಅಚ್ಚಿನ ಮೇಲೆ ಸಣ್ಣ ಗೀರು ಕೆರೆದಿರುತ್ತೇವೆ. ಅಕ್ರಿಲಿಕ್ ಅಲ್ಲಿ ಒಂದು ಎಳೆ ಉಬ್ಬಿ, ಅಂಗುಳನ್ನು ಒತ್ತಿ ಹಿಡಿಯುತ್ತದೆ. ಓಕರಿಕೆ ಬರುತ್ತದೆಂದು ಮನೆಯಲ್ಲೇ ಬ್ಲೇಡಿನಿಂದಲೋ ಅರದಿಂದಲೋ ಆ ಹಿಂದಿನ ಅಂಚನ್ನೇ ಕೆರೆದುಕೊಂಡು ಬಂದವರಿದ್ದಾರೆ. ಆಮೇಲೆ ಸೆಟ್ಟು ಮಾತಾಡಿದರೆ ಬೀಳುತ್ತದೆ. ಕೆಳಗಿನದಕ್ಕೆ ನಾಲಿಗೆಗೆ ಜಾಗ ಬಿಡಬೇಕಾದ್ದರಿಂದ ಅಂಥ ಆಸರೆ ಇಲ್ಲ. ಅದನ್ನು ಹಿಡಿದಿಡುವುದನ್ನು ನಾಲಿಗೆ, ಕೆನ್ನೆಗಳೇ ಕಲಿಯಬೇಕು, ಅದಕ್ಕೆ ಕೆಲವು ವಾರ ಹಿಡಿಯುತ್ತದೆ.

ನಮ್ಮ ಕಡೆ ಊಟವೆಂದರೆ ಜೋಳದ ರೊಟ್ಟಿ. ಅವ್ವನಿಗೆ ಮೊದಲು ಮೆತ್ತನೆಯ ಅನ್ನ ಸಾರು, ಆಮೇಲೆ ಹಾಲಲ್ಲಿ ನೆನೆಸಿದ ರೊಟ್ಟಿ, ಅದಾದ ಮೇಲೆ ಬಿಸಿ ರೊಟ್ಟಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಂದೆವು. ತುತ್ತು ಸಣ್ಣದಿರಲಿ, ಒಂದೇ ಕಡೆ ಅಗಿಯದೆ ಎರಡೂ ದವಡೆಗೆ ಹಂಚಿ ಅಗಿಯಲಿ. ಒಂದು ಕಡೆ ಒತ್ತಡ ಬಿದ್ದರೆ ಇನ್ನೊಂದು ಕಡೆ ಏಳುತ್ತದೆ. ಮುಂದಿನ ಹಲ್ಲಿಂದ ಕಚ್ಚಿ ಎಳೆಯಬಾರದು, ಸೀಬೆಹಣ್ಣನ್ನು ಹೋಳು ಮಾಡಿಯೇ ತಿನ್ನಬೇಕು. ಅದರ ಬೀಜ, ಎಳ್ಳು, ಶೇಂಗಾದ ಚೂರು ಸೆಟ್ಟಿನಡಿ ಸೇರಿದರೆ ಪ್ರಾಣ ಹಿಂಡುತ್ತವೆ. ಚಹಾ ಕುಡಿಯುವಾಗ ಎಚ್ಚರ ಬೇಕು. ಅಂಗುಳು ಮುಚ್ಚಿರುವುದರಿಂದ ಬಿಸಿ ಬಾಯಿಗೆ ಸರಿಯಾಗಿ ತಿಳಿಯದೆ ಗಂಟಲು ಸುಟ್ಟುಕೊಳ್ಳಬಹುದು.

ಮಾತು ತೊದಲುವುದು ಅವ್ವನಿಗೆ ಎಲ್ಲಕ್ಕಿಂತ ದುಃಖದ ವಿಷಯವಾಗಿತ್ತು. ಬೆಳಿಗ್ಗೆ ಪೂಜೆಗೆ ಕೂತು ವಚನ ಹೇಳಿಕೊಳ್ಳುವವಳು. ಸಕಾರ ಶಕಾರಗಳಲ್ಲಿ ಸಿಳ್ಳೆಯಂಥ ಸದ್ದು ಬರುತ್ತಿದ್ದುದರಿಂದ ಮನಸ್ಸಿನಲ್ಲೇ ಹೇಳಿಕೊಳ್ಳಲು ಶುರುಮಾಡಿದ್ದಳು. ಹಾಗೆ ಮಾಡಬಾರದು, ಗಟ್ಟಿಯಾಗಿಯೇ ಹೇಳು ಎಂದು ನಾನು ಹಟ ಹಿಡಿದೆ. ನಾಲಿಗೆ ಹೊಸ ಹಲ್ಲಿನ ಜಾಗ ಕಂಡುಕೊಳ್ಳುವುದು ಹಾಗೆ ಆಡಿಯೇ. ಪೇಪರನ್ನು ದಿನಾ ಜೋರಾಗಿ ಓದಿದರೂ ಆದೀತು.

ಹುಣ್ಣಾಗುವುದು ಸಹಜ. ಒಸಡಿನಲ್ಲಿ ಎಲ್ಲಿ ಒತ್ತುತ್ತಿದೆಯೋ ಅಲ್ಲಿ ಕೆಂಪಾಗಿ ಗಾಯವಾಗುತ್ತದೆ. ಜನ ಸೆಟ್ಟು ಬಿಚ್ಚಿಟ್ಟು, ಹುಣ್ಣು ಮಾಯ್ದ ಮೇಲೆ ಡಾಕ್ಟರ ಹತ್ತಿರ ಹೋಗುತ್ತಾರೆ. ಆಗ ಒತ್ತುವ ಜಾಗ ಅವರಿಗೆ ಕಾಣುವುದೇ ಇಲ್ಲ. ಹೋಗುವ ಮುಂಚೆ ಕೆಲವು ಗಂಟೆಯಾದರೂ ಹಾಕಿಕೊಂಡಿರಿ. ಗುರುತು ಸಿಕ್ಕರೆ ಡಾಕ್ಟರು ಅಷ್ಟು ಜಾಗ ಮಾತ್ರ ತಿಕ್ಕಿ ಸರಿಮಾಡುತ್ತಾರೆ. ಐದು ನಿಮಿಷದ ಕೆಲಸ, ಅದಿಲ್ಲದೆ ಸೆಟ್ಟೇ ಮೂಲೆಗೆ ಬೀಳುತ್ತದೆ.

ತೊಳೆಯುವ ವಿಷಯದಲ್ಲಿ ನಾನು ಕಟ್ಟುನಿಟ್ಟು. ಪೇಸ್ಟು, ಹಲ್ಲುಪುಡಿ, ಇದ್ದಿಲು ಎಲ್ಲವೂ ಅಕ್ರಿಲಿಕ್ಕನ್ನು ಗೀರುತ್ತವೆ, ಆ ಗೀರುಗಳಲ್ಲಿ ಪಾಚಿ ಕೂರುತ್ತದೆ. ಮೆತ್ತನೆಯ ಬ್ರಷ್ಷು, ಸೋಪಿನ ನೀರು ಸಾಕು. ಹಾಕಿಕೊಳ್ಳುವ ಮೊದಲು ಚೆನ್ನಾಗಿ ತೊಳೆದುಬಿಡಬೇಕು. ಕುದಿಯುವ ನೀರಿಗೆ ಹಾಕಿದರೆ ಆಕಾರ ಸೊಟ್ಟಗಾಗುತ್ತದೆ. ಕೈಜಾರಿ ಸಿಂಕಿಗೆ ಬಿದ್ದು ಒಡೆದದ್ದೇ ನಮ್ಮಲ್ಲಿಗೆ ರಿಪೇರಿಗೆ ಹೆಚ್ಚು ಬರುವುದು. ಕೆಳಗೆ ನೀರು ತುಂಬಿದ ಬೋಗುಣಿ ಇಟ್ಟುಕೊಂಡು ತೊಳೆಯಿರಿ. ಒಡೆದರೆ ಅಂಗಡಿ ಗಮ್ಮಿನಿಂದ ಅಂಟಿಸಬೇಡಿ. ಎರಡೂ ತುಂಡು ಹಾಗೇ ತಂದರೆ ಕೂಡಿಸಿ ಬೆಸೆಯಬಹುದು, ಗಮ್ಮು ಹಚ್ಚಿದ ಅಂಚು ಸರಿಯಾಗಿ ಕೂಡುವುದಿಲ್ಲ.

ಮೊದಲ ದಿನಗಳಲ್ಲಿ ರಾತ್ರಿಯೂ ಹಾಕಿರಬೇಕೇ ಎನ್ನುವುದನ್ನು ಡಾಕ್ಟರು ಹೇಳುತ್ತಾರೆ. ಒಸಡು ಮಾಯ್ದ ಮೇಲೆ ಮಾತ್ರ ಮಲಗುವಾಗ ತೆಗೆದು, ತೊಳೆದು, ತಣ್ಣೀರಿನಲ್ಲಿ ಮುಳುಗಿಸಿಡಬೇಕು, ಒಣಗಲು ಬಿಡಬಾರದು. ಹಗಲು ರಾತ್ರಿ ಮುಚ್ಚಿದ ಅಂಗುಳಲ್ಲಿ ಶಿಲೀಂಧ್ರ ಬೆಳೆದು ಕೆಂಪಾಗುತ್ತದೆ, ನೋವಿಲ್ಲದ್ದರಿಂದ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಜಪಾನಿನಲ್ಲಿ 85 ದಾಟಿದ 524 ಜನರನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಆಗುವ ಸಂಭವ ಎರಡು ಪಟ್ಟಿಗೂ ಹೆಚ್ಚಿತ್ತು.

ಇನ್ನೊಂದು ಮಾತನ್ನು ಮನೆಯವರು ಗಮನಿಸಬೇಕು. ಹಲ್ಲು ಹೋದ ಮೇಲೆ ದವಡೆಯ ಎಲುಬು ಸವೆಯುತ್ತಾ ಹೋಗುತ್ತದೆ, ಮೊದಲ ವರ್ಷ ಎಲ್ಲಕ್ಕಿಂತ ಬೇಗ. 25 ವರ್ಷಗಳ ಕಾಲಕ್ಕೆ ಹಬ್ಬಿದ, 1972ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕೆಳದವಡೆಯ ಸವೆತ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಎಂದು ತೋರಿಸಿತು. ಮೇಲಿನ ಸೆಟ್ಟು ಸರಿಯಾಗಿ ನಡುಮಧ್ಯಕ್ಕೆ ಸೀಳಿ ಬಂದಾಗ ನಾನು ಕೇಳುವುದು, ಹಾಕಿಸಿ ಎಷ್ಟು ವರ್ಷವಾಯಿತು ಎಂದು. ಎರಡು ಪಕ್ಕದ ಎಲುಬು ಇಳಿದು, ನಡುವಿನ ಗಟ್ಟಿ ಅಂಗುಳಿನ ಮೇಲೆ ಅದು ತೂಗಾಡಿ ತೂಗಾಡಿ ಸೀಳಿರುತ್ತದೆ. ಒಳಮೈಗೆ ಹೊಸ ಅಕ್ರಿಲಿಕ್ ಪದರ ಕೊಡಿಸಿದರೆ ಮತ್ತೆ ಬಿಗಿ ಬರುತ್ತದೆ. ಕಿತ್ತ ದಿನವೇ ಹಾಕಿದ ಸೆಟ್ಟಿಗೆ ಇದು ವರ್ಷದೊಳಗೇ ಬೇಕಾಗುತ್ತದೆ, ಅವ್ವನಿಗೂ ಬೇಕಾಯಿತು. ಸಡಿಲವನ್ನು ಅಂಟುಪೇಸ್ಟು ಹಚ್ಚಿ ಹಚ್ಚಿ ಮರೆಸುವುದು ಪರಿಹಾರವಲ್ಲ.

ಖರ್ಚಿಗೆ ಹೆದರಿ ಬೊಚ್ಚುಬಾಯಲ್ಲೇ ಇರುವ ಬಿಪಿಎಲ್ ಕಾರ್ಡಿನ ಹಿರಿಯರಿಗೆಂದೇ ಕರ್ನಾಟಕ ಸರ್ಕಾರ ‘ದಂತ ಭಾಗ್ಯ’ ಯೋಜನೆಯಲ್ಲಿ ಉಚಿತವಾಗಿ ಸೆಟ್ಟು ಹಾಕಿಸುವ ವ್ಯವಸ್ಥೆ ಮಾಡಿತು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ದಂತ ವಿಭಾಗದಲ್ಲಿ ವಿಚಾರಿಸಿ. ಹಲ್ಲೇ ಇಲ್ಲವಲ್ಲ, ಡಾಕ್ಟರು ಯಾಕೆ ಎನ್ನಬೇಡಿ; ವರ್ಷಕ್ಕೊಮ್ಮೆ ಬಾಯಿ ತೋರಿಸಬೇಕು. ಎಲೆ ಅಡಿಕೆ ತಂಬಾಕು ಹಾಕುವ ನಮ್ಮ ಕಡೆಯವರಿಗಂತೂ ಇದು ಇನ್ನೂ ಮುಖ್ಯ. ಸೆಟ್ಟು ಸರಿಮಾಡಿಸಿದ ಮೇಲೂ ಎರಡು ವಾರ ದಾಟಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಗಂಟು ಕಂಡರೆ ಅದು ಸೆಟ್ಟು ತಾಗಿದ್ದು ಎಂದು ಸುಮ್ಮನಿರದೆ ಅದೇ ವಾರ ತೋರಿಸಿಕೊಳ್ಳಿ.